ಕಿಡ್ನಿ ತೊಳೆದರೂ ಗುಂಪು ಹೋಗುವುದಿಲ್ಲ

ಪ್ರಶ್ನೆ: ತಂಗಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ನಾನೇ ಒಂದು ಕಿಡ್ನಿ ಕೊಡುತ್ತೇನೆ ಎಂದೆ. ನನ್ನದು ಎ ಪಾಸಿಟಿವ್, ಅವಳದು ಓ ನೆಗೆಟಿವ್, ಹೊಂದಲ್ಲ ಎಂದರು. ಆದರೆ ತೆಗೆದ ಕಿಡ್ನಿಯಿಂದ ರಕ್ತವನ್ನೆಲ್ಲ ತೊಳೆದುಬಿಡುತ್ತಾರಂತೆ. ಮತ್ತೆ ರಕ್ತದ ಗುಂಪಿನ ಮಾತೇಕೆ?
— ಓದುಗರೊಬ್ಬರು, ತಿಪಟೂರು

ಉತ್ತರ: ತೊಳೆಯುವುದು ನಿಜ. ತಣ್ಣನೆಯ ದ್ರಾವಣ ಹಾಯಿಸಿ, ಕೆಂಪು ಹೋಗಿ ಬಿಳಿಚುವ ತನಕ ತೊಳೆಯುತ್ತಾರೆ. ನೀವು ತಪ್ಪು ತಿಳಿದಿದ್ದರೆ ಅದಕ್ಕೆ ಕಾರಣ ಆ ಹೆಸರು. ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿಯೆನ್ನಾದಲ್ಲಿ ಇದನ್ನು ಗುರುತಿಸಿದ್ದು ರಕ್ತದಲ್ಲಿ. ಹಾಗಾಗಿ ರಕ್ತದ ಗುಂಪು ಎಂದೇ ಹೆಸರು ನಿಂತಿತು. ಆಮೇಲೆ ಹುಡುಕಿದರೆ ರಕ್ತನಾಳದ ಒಳಗೋಡೆ, ಕರುಳಿನ ಒಳಪದರ, ಎಂಜಲು, ಎಲ್ಲ ಕಡೆ ಅದೇ ಇತ್ತು!

ಅಷ್ಟಕ್ಕೂ ಈ ಗುಂಪು ಎಂದರೆ ಸಕ್ಕರೆ. ಜೀವಕೋಶದ ಮೈಮೇಲೆ ಸಕ್ಕರೆ ಮಣಿಗಳ ಪುಟ್ಟ ಸರ ಇರುತ್ತದೆ. ತುದಿಗೆ ಫ್ಯೂಕೋಸ್ ಎಂಬ ಮಣಿ ಬಿದ್ದರೆ ಅದು ಎಚ್. ನಿಮ್ಮ ತಂಗಿಯಂಥ ಓ ಗುಂಪಿನವರಲ್ಲಿ ಸರ ಅಲ್ಲಿಗೇ ನಿಲ್ಲುತ್ತದೆ. ನಿಮ್ಮಂಥವರಲ್ಲಿ ಒಂದು ಕಿಣ್ವ ಇನ್ನೊಂದು ಮಣಿ ಪೋಣಿಸುತ್ತದೆ. ಅದರ ಹೆಸರು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ನಮ್ಮ ಲ್ಯಾಬಿನಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಬಿ ಗುಂಪಿನವರಲ್ಲಿ ಆ ಜಾಗಕ್ಕೆ ಬರುವುದು ಬರೀ ಗ್ಯಾಲಕ್ಟೋಸ್. ಈ ಎರಡು ಕಿಣ್ವಗಳ ನಡುವೆ ಇರುವ ವ್ಯತ್ಯಾಸ ನಾಲ್ಕೇ ನಾಲ್ಕು ಅಮೈನೋ ಆಮ್ಲ.

ನಾನು ಇದನ್ನು ನಂಬಿದ್ದು ಪುಸ್ತಕ ಓದಿ ಅಲ್ಲ. ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಕಲಿಯುವಾಗ ನಮ್ಮ ಮೇಡಂ ಒಬ್ಬೊಬ್ಬರ ಕೈಗೂ ಟ್ಯೂಬ್ ಕೊಟ್ಟು ಉಗುಳಿಸಿದರು. ನನ್ನದೂ ಎ. ಉಗುಳನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟೆವು, ತಿರುಗಿಸಿ ತಿಳಿ ತೆಗೆದೆವು. ಅದಕ್ಕೆ ಆ್ಯಂಟಿ-ಎ ಸೀರಮ್, ಅಂದರೆ ಎ ಕಣಗಳನ್ನು ಹಿಡಿದು ಗಂಟು ಕಟ್ಟಿಸುವ ಆ್ಯಂಟಿಬಾಡಿ ಇರುವ ದ್ರವ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಎ ಗುಂಪಿನ ಕೆಂಪುಕಣ ಬಿಟ್ಟೆವು. ಕಣಗಳು ಗಂಟು ಕಟ್ಟಲೇ ಇಲ್ಲ. ನನ್ನ ಉಗುಳಿನ ಎ ಸಕ್ಕರೆ ಸೀರಮ್ಮನ್ನೆಲ್ಲ ಮೊದಲೇ ಹಿಡಿದುಕೊಂಡಿತ್ತು. ಗಂಟಿಲ್ಲ ಎಂದರೆ ಎಂಜಲಿನಲ್ಲಿ ಎ ಇದೆ ಎಂದರ್ಥ, ಉಲ್ಟಾ ಲೆಕ್ಕ. ಪಕ್ಕದವಳದ್ದೂ ಎ ಗುಂಪೇ, ಆದರೆ ಅವಳ ಟ್ಯೂಬಿನಲ್ಲಿ ದಪ್ಪ ಗಂಟು. ಹೆಚ್ಚಿನವರ ಎಂಜಲಿಗೆ ಗುಂಪು ಇಳಿಯುತ್ತದೆ, ಕೆಲವರದ್ದಕ್ಕೆ ಇಳಿಯುವುದಿಲ್ಲ. ಅದನ್ನು ಬೇರೆ ಜೀನ್ ನಡೆಸುತ್ತದೆ.

ಈಗ ನಿಮ್ಮ ಕಿಡ್ನಿ. ರಕ್ತ ಹೋದರೂ ನಾಳದ ಗೋಡೆಯ ಎ ಸಕ್ಕರೆ ಅಲ್ಲೇ ಉಳಿಯುತ್ತದೆ, ಅದು ಗೋಡೆಯದೇ ಭಾಗ. ತಂಗಿಯ ರಕ್ತದಲ್ಲಿ ಚಿಕ್ಕಂದಿನಿಂದಲೇ ಎ ವಿರುದ್ಧದ ಆ್ಯಂಟಿಬಾಡಿ ಇದೆ. ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಇಂಥ ಸಕ್ಕರೆ ಇರುವುದರಿಂದ ಅದು ತಾನಾಗಿಯೇ ಹುಟ್ಟುತ್ತದೆ. ಸುಮ್ನೆ ಜೋಡಿಸಿಬಿಟ್ಟರೆ ಅದು ನೇರ ಗೋಡೆಗೇ ಬೀಳುತ್ತದೆ. ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೊಮ್ಮೆ ನಿಮಿಷಗಳಲ್ಲೇ ಕಿಡ್ನಿ ನೀಲಿಗಟ್ಟುತ್ತದೆ.

ಪಾಸಿಟಿವ್–ನೆಗೆಟಿವ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದು ಕೆಂಪುಕಣದ ಪ್ರೋಟೀನು, ಕಿಡ್ನಿಯ ಗೋಡೆಯಲ್ಲಿ ಇಲ್ಲ. ಕಿಡ್ನಿ ಹೊಂದಿಸುವಾಗ ಅದನ್ನು ನೋಡುವುದಿಲ್ಲ.

'ಹೊಂದಲ್ಲ' ಎಂದರೆ ದಾರಿ ಮುಚ್ಚಿತು ಎಂದಲ್ಲ. ತಂಗಿಯ ಆ್ಯಂಟಿ-ಎ ಟೈಟರ್ ಎಷ್ಟು ಎಂದು ಕೇಳಿ. ಅಂದರೆ ಸೀರಮ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುವಾಗಿಸುತ್ತ ಹೋದರೆ ಎಲ್ಲಿಯ ತನಕ ಗಂಟು ಕಟ್ಟುತ್ತದೆ ಎಂಬ ಲೆಕ್ಕ. ಪ್ಲಾಸ್ಮಾ ಬದಲಿಸಿ, ಔಷಧಿ ಕೊಟ್ಟು ಅದನ್ನು ಇಳಿಸಿ ಕಸಿ ಮಾಡುತ್ತಾರೆ. ಖರ್ಚು ಜಾಸ್ತಿ, ಸೋಂಕಿನ ಭಯವೂ ಜಾಸ್ತಿ. ನಿಮ್ಮಂತೆಯೇ ಸಿಕ್ಕಿಕೊಂಡ ಇನ್ನೊಂದು ಕುಟುಂಬದ ಜೊತೆ ಕಿಡ್ನಿ ಅದಲುಬದಲು ಮಾಡಿಕೊಳ್ಳುವುದಕ್ಕೂ 2011ರ ತಿದ್ದುಪಡಿಯಾದ ಮೇಲೆ ಕಾನೂನಿನಲ್ಲಿ ಜಾಗವಿದೆ. ನಿಮ್ಮ ಎ ಯಾವುದು, ಎ1 ಅಥವಾ ಎ2, ಅದನ್ನೂ ಕೇಳಿ. ಎ2 ಕಿಣ್ವ ಸ್ವಲ್ಪ ಸೋಮಾರಿ, ಕಡಿಮೆ ಮಣಿ ಪೋಣಿಸುತ್ತದೆ. ಸ್ವೀಡನ್ನಿನ ವೈದ್ಯರು 1980ರ ದಶಕದಲ್ಲೇ ಎ2 ದಾನಿಗಳ ಕಿಡ್ನಿಯನ್ನು ಓ ಗುಂಪಿನವರಿಗೆ ಹಾಕಿದ್ದರು.

ಪ್ರಶ್ನೆ: ಎ ಗುಂಪಿನವರು ಹುರುಳಿ ತಿಂದರೆ ರಕ್ತ ಗಂಟು ಕಟ್ಟುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
— ಗೃಹಿಣಿ, ಹೊಳೆನರಸೀಪುರ

ಉತ್ತರ: ಈ ಸುಳ್ಳಿನ ಬಾಲಕ್ಕೆ ಒಂದು ನಿಜ ಅಂಟಿಕೊಂಡಿದೆ. ಹಸಿ ಹುರುಳಿಯನ್ನು ರುಬ್ಬಿ, ಉಪ್ಪುನೀರಿನಲ್ಲಿ ನೆನೆಸಿ, ತಿಳಿ ತೆಗೆದು ಗಾಜಿನ ಮೇಲೆ ಎ ರಕ್ತಕ್ಕೆ ಸೇರಿಸಿದರೆ ಒಡೆದ ಹಾಲಿನ ಹಾಗೆ ಗಂಟಾಗುತ್ತದೆ. 1951ರಲ್ಲಿ ಜಿ.ಡಬ್ಲ್ಯು.ಜಿ. ಬರ್ಡ್ ಎಂಬುವರು ಇದನ್ನು ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಹುರುಳಿಯ ಲೆಕ್ಟಿನ್ ಎಂಬ ಪ್ರೋಟೀನು ಎ ಸಕ್ಕರೆಯನ್ನೇ ಹುಡುಕಿ ಹಿಡಿಯುತ್ತದೆ.

ಆದರೆ ಪ್ರೋಟೀನು ಚೆನ್ನಾಗಿ ಬೆಂದರೆ ಕೆಡುತ್ತದೆ. ಉಗುಳಿನ ಸಕ್ಕರೆ ಕುದಿಸಿದರೂ ಉಳಿಯಿತಲ್ಲ, ಇದು ಹಾಗಲ್ಲ. ಕುಕ್ಕರಿನಲ್ಲಿ ಕಾಳು ಮೆತ್ತಗಾಗುವಂತೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ. ನಾನು ಎ ಗುಂಪಿನವಳು, ಚಳಿಗಾಲದಲ್ಲಿ ವಾರಕ್ಕೆ ಎರಡು ದಿನ ಹುರುಳಿ ಸಾರೇ.

ತಿಪಟೂರಿನವರೇ, ಎ ರಕ್ತದಲ್ಲಿ ಎ1 ಮತ್ತು ಎ2 ಬೇರೆ ಮಾಡುವುದಕ್ಕೂ ಇದೇ ಹುರುಳಿಯ ತಿಳಿ, ಸರಿಯಾದ ಹದಕ್ಕೆ ತೆಳುವಾಗಿಸಿದ್ದು. ಗಂಟು ಕಟ್ಟಿದರೆ ಎ1.