ಕೋವಿಡ್ ಜೋರಾದಾಗ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಯಾಕೆ?

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಒಳ್ಳೆಯದೇ. ಇಲ್ಲಿ ಅದೇ ಕೆಲಸ ತಪ್ಪು ಜಾಗದಲ್ಲಿ ನಡೆಯುತ್ತದೆ.

ಶ್ವಾಸಕೋಶದ ಗಾಳಿಚೀಲಗಳ ಸುತ್ತ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳಿವೆ. ಎಷ್ಟು ಸಣ್ಣ ಅಂದ್ರೆ, ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ನುಸುಳಿಕೊಂಡು ಹೋಗಬೇಕು. ನಾಳದ ಒಳಪದರ ನುಣುಪಾಗಿದ್ದು, ರಕ್ತ ಅಂಟದಂತೆ ನೋಡಿಕೊಳ್ಳುತ್ತದೆ. ಸೋಂಕು ಮತ್ತು ಅದರಿಂದ ಎದ್ದ ಉರಿಯೂತ ಆ ಪದರವನ್ನೇ ಹಾಳು ಮಾಡುತ್ತವೆ. ಅಲ್ಲಿ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ, ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಆಮೇಲೆ ಗಾಳಿ ಒಳಗೆ ಬಂದರೂ ಆಕ್ಸಿಜನ್ ಒಯ್ಯಲು ಅಲ್ಲಿ ರಕ್ತವೇ ಹರಿಯುವುದಿಲ್ಲ.

ಫ್ಲೂನಲ್ಲೂ ಹೀಗಾಗಲ್ವಾ? ಆಗುತ್ತದೆ, ಕಡಿಮೆ. ಸತ್ತವರ ಶ್ವಾಸಕೋಶಗಳನ್ನು ಹೋಲಿಸಿದ 2020ರ ಒಂದು ಅಧ್ಯಯನದಲ್ಲಿ, ಈ ಸಣ್ಣ ಹೆಪ್ಪುಗಳು ಫ್ಲೂಗಿಂತ ಕೋವಿಡ್‌ನಲ್ಲಿ 9 ಪಟ್ಟು ಜಾಸ್ತಿ ಇದ್ದವು. ನೋಡಿದ್ದು ತಲಾ 7 ಮಂದಿಯನ್ನಷ್ಟೇ, ಹಾಗಾಗಿ ಆ ಅಂಕಿಯನ್ನು ತೀರಾ ಗಟ್ಟಿಯಾಗಿ ಹಿಡಿಯಬೇಡಿ.

ಆಗ ಎಲ್ಲರ ಬಾಯಲ್ಲೂ ಇದ್ದ ಡಿ-ಡೈಮರ್ ಟೆಸ್ಟ್ ಇದಕ್ಕೇ. ಹೆಪ್ಪು ಒಡೆಯುವಾಗ ಉಳಿಯುವ ಚೂರುಗಳನ್ನು ಅದು ಅಳೆಯುತ್ತದೆ. ಹೊಟ್ಟೆಯ ಚರ್ಮದಡಿ ಚುಚ್ಚುತ್ತಿದ್ದ ಹೆಪಾರಿನ್ ಹೊಸ ಹೆಪ್ಪು ಆಗದಂತೆ, ಇದ್ದದ್ದು ಬೆಳೆಯದಂತೆ ತಡೆಯುತ್ತದೆ. ಆಗಲೇ ಕಟ್ಟಿದ್ದನ್ನು ಕರಗಿಸುವುದು ದೇಹದ್ದೇ ಕೆಲಸ.