ಮಂಡಿ ನೋವಿನ ತಂದೆ-ತಾಯಿಗೆ ಮಿಷಿಗನ್‌ನಲ್ಲಿ ಯಾವ ಜಾಗ?

ಡೆಟ್ರಾಯಿಟ್‌ನಿಂದ ಅಕ್ಟೋಬರ್‌ನಲ್ಲಿ ಮೂರು ದಿನಕ್ಕೆ ಮ್ಯಾಕಿನಾ ದ್ವೀಪವೋ ಟ್ರಾವರ್ಸ್ ಸಿಟಿಯೋ ಎಂದು ಕೇಳಿದ್ದೀರಿ. ಮಂಡಿ ನೋವಿದ್ದರೆ ಟ್ರಾವರ್ಸ್ ಸಿಟಿಯೇ ಸರಿ. ಕಾರಿನಲ್ಲಿ ಸುಮಾರು 4 ಗಂಟೆ. ಹತ್ತಿರದ ಸ್ಲೀಪಿಂಗ್ ಬೇರ್ ಮರಳುದಿಬ್ಬಗಳಲ್ಲಿ ಪಿಯರ್ಸ್ ಸ್ಟಾಕಿಂಗ್ ರಸ್ತೆ 7.4 ಮೈಲಿಯ ಸುತ್ತು. ಹೆಚ್ಚು ನಡೆಯದೆ ಕಾಡಿನ ಬಣ್ಣ, ಸರೋವರ ಎರಡೂ ಕಣ್ತುಂಬ ಸಿಗುತ್ತವೆ. ಮಿಷಿಗನ್ ಸರೋವರ ಕಾಣುವ ಕಟ್ಟೆಯ ಬಳಿ ಮಾತ್ರ ಎಚ್ಚರ: ಕೆಳಗೆ 450 ಅಡಿ ಕಡಿದಾದ ಮರಳಿನ ಇಳಿಜಾರು. ಇಳಿಯುವುದು ಕೆಲವೇ ನಿಮಿಷ, ಆದರೆ ಕಾಲಡಿ ಮರಳು ಜಾರುವುದರಿಂದ ಮೇಲೆ ಬರಲು ಎರಡು ಗಂಟೆಯೂ ಹಿಡಿದೀತು. ದಯವಿಟ್ಟು ನೀವೂ ಇಳಿಯಬೇಡಿ.

ಮ್ಯಾಕಿನಾದಲ್ಲಿ 1898ರಿಂದಲೂ ಕಾರುಗಳಿಗೆ ನಿಷೇಧ; ಕುದುರೆಗಾಡಿ, ಸೈಕಲ್ ಇಲ್ಲವೇ ನಡಿಗೆ. ಹೋಗಲೇಬೇಕೆಂದರೆ ಕುದುರೆಗಾಡಿ ಸವಾರಿ ಮಾಡಿಸಿ. ದೋಣಿಯ ಮೇಲಟ್ಟದಲ್ಲಿ ಗಾಳಿ ಕೊರೆಯುತ್ತದೆ, ಕಿವಿ ಮುಚ್ಚುವ ಟೋಪಿ ಇರಲಿ.