ಎರಡು ದಿನದ ಮಂಗಳೂರಿಗೆ ಬೀಚ್ ಒಂದೇ ಸಾಕು, ಗುಡ್ಡ ಹತ್ತಿ

ದಾವಣಗೆರೆಯಿಂದ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಬರುತ್ತಿದ್ದೀರಿ, ಇರುವುದು ಎರಡು ದಿನ, ಜೊತೆಗೆ ವಯಸ್ಸಾದ ತಾಯಿಯಿದ್ದಾರೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಸುರತ್ಕಲ್ ಎಂದು ನಾಲ್ಕು ಬೀಚ್‌ಗಳ ಪಟ್ಟಿ ಮಾಡಿಕೊಂಡು, ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದ್ದೀರಿ. ಇಲ್ಲಿಯೇ ಹುಟ್ಟಿ ಬೆಳೆದವನಾಗಿ ಹೇಳುತ್ತೇನೆ, ಊರೇ ಬಿಟ್ಟುಹೋಗಿದೆ. ನಾಲ್ಕರಲ್ಲಿ ಮೂರನ್ನು ಧಾರಾಳವಾಗಿ ಕೈಬಿಡಿ. ಸಮುದ್ರ ಎಲ್ಲ ಕಡೆಯೂ ಒಂದೇ. ಮಂಗಳೂರು ಮಾತ್ರ ಗುಡ್ಡಗಳ ಮೇಲೂ ಎರಡು ನದಿಗಳ ನಡುವೆಯೂ ಹರಡಿಕೊಂಡ ಊರು, ನೋಡಬೇಕಾದ್ದೆಲ್ಲ ಅಲ್ಲಿದೆ.

ಮೊದಲ ದಿನ ಬೆಳಿಗ್ಗೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಿ. ಹೊರಗಿನಿಂದ ನೋಡಿದರೆ ಬಿಳಿ ಕಟ್ಟಡ, ಅಷ್ಟೇ. ಒಳಗೆ ಕಾಲಿಟ್ಟ ಮೇಲೆ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಗೋಡೆ, ಕಮಾನು, ಛಾವಣಿ ಎಲ್ಲೆಲ್ಲೂ ಚಿತ್ರಗಳು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಕಲಾವಿದ 1900ರ ಆಸುಪಾಸಿನಲ್ಲಿ, ಕೆಲವೇ ವರ್ಷಗಳಲ್ಲಿ ಇಷ್ಟನ್ನೂ ಮುಗಿಸಿದರು. ಇವುಗಳಲ್ಲಿ ಹಲವನ್ನು ಹಸಿ ಸುಣ್ಣದ ಗಾರೆಯ ಮೇಲೆ ಬರೆದದ್ದು. ಗಾರೆ ಒಣಗುವಷ್ಟರಲ್ಲಿ ಕುಂಚದ ಕೆಲಸ ಮುಗಿಯಬೇಕು, ಒಣಗಿದ ಮೇಲೆ ಬಣ್ಣ ಗೋಡೆಯದೇ ಭಾಗವಾಗಿಬಿಡುತ್ತದೆ. ಕರಾವಳಿಯ ತೇವದಲ್ಲಿ ಮನೆಗೆ ಹೊಡೆಸಿದ ಬಣ್ಣ ಎರಡು ಮಳೆಗಾಲ ಬಾಳುವುದೇ ಕಷ್ಟ. ಆ ಚಿತ್ರಗಳು ನೂರಿಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಂಡಿವೆ. ನಡುವೆ ತಜ್ಞರು ಅವುಗಳನ್ನು ದುರಸ್ತಿ ಮಾಡಿದ್ದೂ ಉಂಟು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ. ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ, ನೀವೂ ಕುಳಿತು ಸಾವಕಾಶ ನೋಡಿ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಿರಿ.

ಅಲ್ಲಿಂದ ಆಟೊ ಹಿಡಿದು ಕದ್ರಿಗೆ. ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ತಲುಪಿದರೆ ಸರಿ. ಮಂಜುನಾಥನಿಗೆ ಕೈಮುಗಿದು ಹಾಗೆಯೇ ಹೊರಟುಬಿಡಬೇಡಿ, ದೇವಸ್ಥಾನದಲ್ಲಿರುವ, ಬೌದ್ಧರ ಬೋಧಿಸತ್ವನೆಂದು ಹಲವರು ಗುರುತಿಸುವ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ನಿಲ್ಲಿ. ಮೂರು ಮುಖ, ಆರು ಕೈ, ಪದ್ಮಾಸನ, ಕುಳಿತೇ ಸುಮಾರು ಐದು ಅಡಿ ಎತ್ತರ. ಇದನ್ನು ಪ್ರತಿಷ್ಠಾಪಿಸಿದವನು ಆಳುಪ ದೊರೆ ಕುಂದವರ್ಮ ಎಂದು ಪೀಠದ ಶಾಸನ ಹೇಳುತ್ತದೆ, ಕಾಲ ಕ್ರಿ.ಶ. 968. ಬೌದ್ಧ ವಿಹಾರವಿದ್ದ ಜಾಗ, ನಾಥಪಂಥದ ಜೋಗಿಗಳ ಮಠ, ಇಂದಿನ ಶಿವಾಲಯ, ಮೂರೂ ಒಂದೇ ಗುಡ್ಡದಲ್ಲಿ ಒಂದರ ಪಕ್ಕ ಒಂದು ಉಳಿದಿವೆ. ನನ್ನ ಮಟ್ಟಿಗೆ ಇಡೀ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯವಿಲ್ಲ. ಬಂದವರಲ್ಲಿ ಬಹುಪಾಲು ಮಂದಿ ತೀರ್ಥ ತೆಗೆದುಕೊಂಡು ಮೂರ್ತಿಯ ಎದುರಿನಿಂದಲೇ ದಾಟಿಹೋಗುವುದನ್ನು ಕಂಡಾಗ ಸಂಕಟವಾಗುತ್ತದೆ. ಹಿಂಬದಿಯಲ್ಲಿ ಗೋಮುಖದಿಂದ ಬೀಳುವ ನೀರು, ಅದರಿಂದ ತುಂಬುವ ಕೆರೆಗಳು ಇವೆ. ಮಠಕ್ಕೆ ಮೆಟ್ಟಿಲು ಹತ್ತಬೇಕು, ಅಮ್ಮನಿಗೆ ಕಾಲುನೋವಿದ್ದರೆ ಕೆಳಗೇ ಇರಲಿ.

ಸಂಜೆಗೆ ಸಮುದ್ರ. ಆದರೆ ರಸ್ತೆಯಲ್ಲಿ ಹೋಗಬೇಡಿ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಫಲ್ಗುಣಿ ನದಿಯ ದಂಡೆಯಲ್ಲಿ ಟಿಪ್ಪು ಕಾಲದ ಕರಿಕಲ್ಲಿನ ಕಾವಲು ಬುರುಜು ಅದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಅಸಲು ವಿಷಯ ಅದರ ಪಕ್ಕದ ಕಡವು. ದೋಣಿ ಹತ್ತಿ ನದಿ ದಾಟಿದರೆ ಆಚೆ ದಡವೇ ತಣ್ಣೀರುಬಾವಿ. ಸ್ವಲ್ಪ ನಡೆದರೆ ಗಾಳಿಮರಗಳ ಸಾಲಿನ ಹಿಂದೆ ಕಡಲು ಕಾಣಿಸುತ್ತದೆ. ಒಂದು ಮಗ್ಗುಲಲ್ಲಿ ನದಿ, ಇನ್ನೊಂದು ಮಗ್ಗುಲಲ್ಲಿ ಸಮುದ್ರ, ನಡುವೆ ಕಿರಿದಾದ ಮರಳುಪಟ್ಟಿ. ಮಂಗಳೂರಿನ ಭೂಗೋಳವನ್ನು ಇದಕ್ಕಿಂತ ಚೆನ್ನಾಗಿ ಯಾವ ನಕ್ಷೆಯೂ ತೋರಿಸದು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಎರಡನೆಯ ದಿನ ಬೆಳಗಾಗುವ ಮುನ್ನವೇ ಎದ್ದು ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ ಹೋಗಿ, ಮೀನಿನ ವಾಸನೆ ತಡೆಯುವುದಾದರೆ. ದೋಣಿಗಳಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತಿರುತ್ತವೆ, ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ವ್ಯಾಪಾರ ನಡೆಯುತ್ತಿರುತ್ತದೆ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲದಿದ್ದರೆ ಸಾಕು. ಅಲ್ಲಿಂದ ಬಂದರಿನ ಹಳೆಯ ಬೀದಿಗಳಲ್ಲಿ ನಡೆಯಿರಿ. ತಲೆಯ ಮೇಲೆ ಕೆಂಪು ಹಂಚಿನ ಮಾಡುಗಳು ಕಾಣುತ್ತವೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದರು, ನಮ್ಮ ನದಿಗಳ ಜೇಡಿಮಣ್ಣೇ ಅದಕ್ಕೆ ಬಂಡವಾಳ. ಎಲ್ಲಿಯಾದರೂ ಹಳೆಯ ಹಂಚು ಬಿದ್ದಿದ್ದರೆ ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಇದೇ ಊರಿನಿಂದ ಹೊರಡಿಸಿದ ಮೋಗ್ಲಿಂಗ್, ಕನ್ನಡ ನಿಘಂಟು ಕಟ್ಟಿದ ಕಿಟ್ಟೆಲ್, ಇಬ್ಬರೂ ಅದೇ ಮಿಶನ್‌ನವರು.

ಕುದ್ರೋಳಿ ಗೋಕರ್ಣನಾಥೇಶ್ವರಕ್ಕೆ ದೀಪ ಹೊತ್ತಿಸಿದ ಮೇಲೆ ಹೋದರೆ ಚೆಂದ. ಯಾರಿಗೆ ದೇವಸ್ಥಾನಗಳ ಬಾಗಿಲು ಮುಚ್ಚಿತ್ತೋ ಆ ಜನರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಶಿವ ಅಲ್ಲಿದ್ದಾನೆ. ಪಿಲಿಕುಳ ನಿಸರ್ಗಧಾಮ ಮಕ್ಕಳಿದ್ದರೆ ಸರಿ, ಅರ್ಧ ದಿನ ತಿನ್ನುತ್ತದೆ, ನಿಮಗೆ ಬೇಡ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಬನ್ಸ್ ಅಥವಾ ನೀರುದೋಸೆ, ಸಂಜೆ ಗೋಳಿಬಜೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಂ. ಮೀನು ತಿನ್ನುವವರಾದರೆ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಜೂನ್, ಜುಲೈನಲ್ಲಿ, ಆದ್ದರಿಂದ ಡಿಸೆಂಬರ್‌ನಲ್ಲಿ ತಾಜಾ ಮೀನಿಗೆ ಬರವಿಲ್ಲ.

ಇನ್ನೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಡಿಸೆಂಬರ್ ಯಕ್ಷಗಾನದ ಕಾಲ. ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಮೇ ತಿಂಗಳಲ್ಲಿ ಬರುವ, ತುಳುವರು ಪತ್ತನಾಜೆ ಎನ್ನುವ ದಿನದವರೆಗೆ ಆಟ ನಡೆಯುತ್ತದೆ. ಕಟೀಲು ಮೇಳದವರದು ಹರಕೆ ಹೊತ್ತವರು ಆಡಿಸುವ ಬಯಲಾಟ, ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ‘ದೇವೀ ಮಹಾತ್ಮೆ’ ಸಿಕ್ಕಿದರೆ ನಿಮ್ಮ ಪುಣ್ಯ. ಮಹಿಷಾಸುರ ಬರುವುದು ವೇಷ ಕಟ್ಟುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕಲ್ಲ, ಪ್ರೇಕ್ಷಕರ ನಡುವಿನಿಂದ, ದೊಂದಿಯ ಬೆಳಕಿನಲ್ಲಿ, ಆರ್ಭಟಿಸುತ್ತ. ಅಂದಿನ ಆಟ ಎಲ್ಲೆಲ್ಲಿ ಎಂಬುದು ಸ್ಥಳೀಯ ಪತ್ರಿಕೆಗಳಲ್ಲಿ ಇರುತ್ತದೆ. ಬಯಲಿನಲ್ಲಿ ಇಬ್ಬನಿ ಬೀಳುವುದರಿಂದ ಅಮ್ಮನಿಗೆ ಒಂದು ಶಾಲು ಇಟ್ಟುಕೊಳ್ಳಿ. ಮರಳುವಾಗ ತಡವಾಗುತ್ತದೆ, ಆಟೊದವರೊಂದಿಗೆ ಮೊದಲೇ ಮಾತಾಡಿಕೊಂಡಿರಿ.